‘ಬೂದಿ ಕಲಸಿದ ಸಿಮೆಂಟ್ ಯಾಕೆ ಕೊಡ್ತೀರಿ?’ ಎಂದು ಕೇಳಿದ ಎಲ್ಲ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ, ಸದಸ್ಯರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಕಟ್ಟಡ ಸಾಮಾನಿನ ಯಾರ್ಡಿನಲ್ಲಿ ಹೊಸ ಸುಟ್ಟ ಇಟ್ಟಿಗೆ ಸಿಗುವುದಿಲ್ಲ. ಇರುವ ಸ್ಟಾಕ್ ಮುಗಿದರೆ ಮುಗಿಯಿತು. ಏನೂ ಬೆರೆಸದ ಮಾಮೂಲಿ ಸಿಮೆಂಟ್ ಬೇಕಾದವರು ಮೂರು ದಿನ ಮೊದಲೇ ಹೇಳಬೇಕು, ತರಿಸಿಕೊಡುತ್ತೇವೆ. ಸುಮ್ನೆ ‘ಹತ್ತು ಚೀಲ ಸಿಮೆಂಟ್ ಹಾಕಿ’ ಅಂದರೆ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಅಥವಾ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣುಪು ಬೂದಿ) ಸೇರಿದ ಚೀಲವೇ ಬರುತ್ತದೆ. ಇಟ್ಟಿಗೆ ಬದಲು ಸುಡದೆ ಒತ್ತಿ ಮಾಡಿದ ಮಣ್ಣಿನ ಬ್ಲಾಕ್ ಬೇಕಿದ್ದರೆ ಐದು ವಾರ ಮುಂಚೆ ಬರೆಸಬೇಕು.

ನೋಟಿಸ್ ಬೋರ್ಡಿಗೆ ಇಷ್ಟನ್ನೇ ಬರೆದು ಅಂಟಿಸಿದ್ದೆವು. ನಮ್ಮವರಿಗೆ ಅರ್ಥವಾಗುತ್ತದೆ ಅಂದುಕೊಂಡೆವು. ಆಗಲಿಲ್ಲ. ಹದಿನೈದು ದಿನದಿಂದ ಕೌಂಟರಿನಲ್ಲಿ ಕೂತವರಿಗೆ ಬಿಲ್ ಬರೆಯುವುದಕ್ಕಿಂತ ಬೈಸಿಕೊಳ್ಳುವ ಕೆಲಸವೇ ಜಾಸ್ತಿಯಾಗಿದೆ. ಅವರನ್ನು ಬೈಯಬೇಡಿ. ತೀರ್ಮಾನ ಮಾಡಿದ್ದು ನಾವು, ಸರಿಯಾಗಿ ಹೇಳದೇ ಇದ್ದದ್ದೂ ನಾವೇ. ಅದಕ್ಕೇ ಈ ಪತ್ರ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತಿನಿಂದಲೇ ಶುರು ಮಾಡುತ್ತೇವೆ. ‘ಹಾಲಿಗೆ ನೀರು ಕಲಸಿದ ಹಾಗೆ ಸಿಮೆಂಟಿಗೆ ಬೂದಿ ಕಲಸಿ ಮಾರ್ತಿದ್ದೀರಲ್ಲ, ಮನೆ ನಿಲ್ಲುತ್ತಾ?’ ಇದನ್ನು ಕೇಳಿದವರಲ್ಲಿ ನಮ್ಮ ಹಳೇ ಗ್ರಾಹಕರೂ ಇದ್ದಾರೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಆದರೂ ಕೇಳಿದ್ದು ತಪ್ಪಲ್ಲ. ಮನೆ ಕಟ್ಟುವವರು ಕೇಳದೆ ಇನ್ಯಾರು ಕೇಳಬೇಕು?

ಮೊದಲನೆಯದು, ಬೆರೆಸುವುದು ನಾವಲ್ಲ. ಸಿಮೆಂಟ್ ಕಾರ್ಖಾನೆಯಲ್ಲೇ ಅಳತೆ ಪ್ರಕಾರ ಸೇರಿಸಿ, ಅರೆದು, ಚೀಲದ ಮೇಲೆ ಏನಿದೆಯೆಂದು ಬರೆದು ಕಳಿಸುತ್ತಾರೆ. ಹೊಲಿಗೆ ಬಿಚ್ಚಿದ ಚೀಲವನ್ನು ನಮ್ಮ ಗೋಡೌನಿನಿಂದ ಯಾರಿಗೂ ಕೊಡುವುದಿಲ್ಲ.

ಎರಡನೆಯದು, ಇದು ಕಲಬೆರಕೆಯೇ ಅಲ್ಲ. ಸಿಮೆಂಟಿಗೆ ನೀರು ಬಿದ್ದಾಗ ಅದರಿಂದ ಒಂದಿಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಮಾಮೂಲಿ ಕಾಂಕ್ರೀಟಿನಲ್ಲಿ ಆ ಸುಣ್ಣಕ್ಕೆ ಹೆಚ್ಚು ಕೆಲಸವಿಲ್ಲ. ತಾರಸಿ ಸೋರಿದ ಕಡೆ ಬಿಳೀ ಗೆರೆ ಇಳಿದಿರುತ್ತದಲ್ಲ, ಅದು ಈ ಸುಣ್ಣದ್ದೇ. ಹಾರುಬೂದಿ ಇದ್ದರೆ ಅದರಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದುಕೊಂಡು ಇನ್ನಷ್ಟು ಅಂಟು ಮಾಡುತ್ತದೆ. ಕಾಂಕ್ರೀಟಿನೊಳಗಿನ ಸಣ್ಣ ಸಣ್ಣ ತೂತುಗಳು ತುಂಬಿಕೊಳ್ಳುತ್ತವೆ. ಸ್ಲ್ಯಾಗ್ ಅಂದರೆ ಕಬ್ಬಿಣ ಕರಗಿಸುವ ಊದುಕುಲುಮೆಯ ಕಿಟ್ಟ. ಅದನ್ನು ಬಿಸಿ ಇರುವಾಗಲೇ ನೀರಿನಿಂದ ಥಟ್ಟನೆ ಆರಿಸಿ ನುಣ್ಣಗೆ ಅರೆದಿರುತ್ತಾರೆ. ಅದಕ್ಕೆ ತಾನಾಗಿಯೇ ಗಟ್ಟಿಯಾಗುವ ಗುಣ ಇದೆ, ಸಿಮೆಂಟ್ ಅದನ್ನು ಎಬ್ಬಿಸಬೇಕು ಅಷ್ಟೇ. ಸಿಮೆಂಟಿನಲ್ಲಿ ಅರ್ಧದಷ್ಟು ಸ್ಲ್ಯಾಗ್ ಇರುವುದು ಮಾಮೂಲು. ಉಪ್ಪುನೀರು ತಾಗುವ ಜಾಗಕ್ಕೆ ಎಂಜಿನಿಯರುಗಳೇ ಇದನ್ನು ಕೇಳಿ ಹಾಕಿಸುತ್ತಾರೆ.

ಇದೇನು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ಅಮೆರಿಕದ ಮೊಂಟಾನಾದಲ್ಲಿ 1953ರಲ್ಲಿ ಮುಗಿದ ಹಂಗ್ರಿ ಹಾರ್ಸ್ ಅಣೆಕಟ್ಟಿನ ಕಾಂಕ್ರೀಟಿಗೆ ಹಾರುಬೂದಿ ಹಾಕಿದ್ದಾರೆ. ರೋಮನ್ನರ ಹತ್ತಿರ ಈಗಿನ ಸಿಮೆಂಟ್ ಇರಲೇ ಇಲ್ಲ. ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಸೇರಿಸಿ ಕಟ್ಟಿದ ಪ್ಯಾಂಥಿಯನ್ ಗುಮ್ಮಟ ಸುಮಾರು 1900 ವರ್ಷದಿಂದ ರೋಮ್‌ನಲ್ಲಿ ನಿಂತಿದೆ. ಅಲ್ಲೂ ಬೂದಿಯೇ, ಅಲ್ವಾ?

ಹಾಗಾದರೆ ದೂರು ಪೂರ್ತಿ ಸುಳ್ಳಾ? ಇಲ್ಲ. ಒಂದು ವಿಷಯದಲ್ಲಿ ನಿಜ ಇದೆ. ಈ ಸಿಮೆಂಟ್ ನಿಧಾನ. ಮೊದಲ ವಾರದಲ್ಲಿ ಮಾಮೂಲಿ ಸಿಮೆಂಟಿನಷ್ಟು ಬಲ ಬಂದಿರುವುದಿಲ್ಲ. ಚಳಿ ಇದ್ದರೆ ಇನ್ನೂ ತಡ. 28 ದಿನದ ಹೊತ್ತಿಗೆ ಸಾಮಾನ್ಯವಾಗಿ ಸರಿಸಮ ಬರುತ್ತದೆ, ಆಮೇಲೂ ತಿಂಗಳುಗಟ್ಟಲೆ ಬಲ ಏರುತ್ತಾ ಹೋಗುತ್ತದೆ. ಆದರೆ ಆ ಮೊದಲ ದಿನಗಳಲ್ಲಿ ಆತುರ ಮಾಡಿದರೆ ಕೆಲಸ ಕೆಡುತ್ತದೆ.

ಕೆಟ್ಟಿದೆ. ಮುಚ್ಚಿಡುವುದಿಲ್ಲ. ನಮ್ಮಿಂದ ಸ್ಲ್ಯಾಗ್ ಸಿಮೆಂಟ್ ಒಯ್ದ ಒಬ್ಬರ ಮನೆಯಲ್ಲಿ ಕಿಟಕಿಯ ಮೇಲಿನ ಸಜ್ಜಕ್ಕೆ ಕಾಂಕ್ರೀಟ್ ಹಾಕಿದರು. ಮೇಸ್ತ್ರಿ ತಮ್ಮ ಹಳೇ ಲೆಕ್ಕದ ಪ್ರಕಾರವೇ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲುವ ಹಲಗೆ, ಬಿಚ್ಚಿದರು. ಚಳಿ ಬೇರೆ ಇತ್ತು. ಮಾರನೇ ದಿನ ಬೆಳಗ್ಗೆ ಸಜ್ಜ ಗೋಡೆ ಸೇರುವ ಜಾಗದಲ್ಲಿ ಆ ತುದಿಯಿಂದ ಈ ತುದಿಯವರೆಗೆ ಒಂದು ಗೆರೆ. ನಾವು ಹೋಗಿ ನೋಡಿದಾಗ ಕರಣೆಯ ತುದಿ ಅದರೊಳಗೆ ಇಳಿಯುತ್ತಿತ್ತು. ಪುಣ್ಯಕ್ಕೆ ಯಾರೂ ಕೆಳಗೆ ನಿಂತಿರಲಿಲ್ಲ. ಒಡೆದು ಮತ್ತೆ ಹಾಕಬೇಕಾಯಿತು. ಮೇಸ್ತ್ರಿಯದು ತಪ್ಪು ಅಂತ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸಿಮೆಂಟ್ ಬದಲಾಗಿದೆ, ದಿನದ ಲೆಕ್ಕವೂ ಬದಲಾಗಬೇಕು ಎಂದು ಅವರಿಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲ. ಮಾರಿದ ನಾವು ಹೇಳಬೇಕಿತ್ತು. ಆ ಸಜ್ಜಕ್ಕೆ ಸಾಮಾನು ಮತ್ತೆ ನಮ್ಮ ಕಡೆಯಿಂದಲೇ ಹೋಯಿತು. ಮನೆಯವರಿಗೂ ಮೇಸ್ತ್ರಿಗೂ ಇಲ್ಲಿ ಇನ್ನೊಂದು ಸಲ ಕ್ಷಮೆ ಕೇಳುತ್ತೇವೆ.

ಈಗ ಪ್ರತಿ ಬಿಲ್ಲಿನ ಜೊತೆ ಒಂದು ಚೀಟಿ ಕೊಡುತ್ತಿದ್ದೇವೆ. ಕಡಿಮೆಯೆಂದರೂ 10 ದಿನ, ಸಾಧ್ಯವಾದರೆ 14 ದಿನ ಕಾಂಕ್ರೀಟ್ ಒದ್ದೆಯಾಗಿರಲಿ. ಗೋಣಿಚೀಲ ಹೊದೆಸಿ, ಒಣಗಲು ಬಿಡಬೇಡಿ. ಎಂಜಿನಿಯರ್ ಹೇಳದೆ ಸೆಂಟ್ರಿಂಗ್ ಮುಟ್ಟಬೇಡಿ. ಅನುಮಾನ ಇದ್ದರೆ ಅದೇ ಕಾಂಕ್ರೀಟಿನ ಕ್ಯೂಬ್ (ಬಲ ಪರೀಕ್ಷೆಗೆಂದೇ ಅಚ್ಚಿನಲ್ಲಿ ಹಾಕಿದ ಗಟ್ಟಿ) ಒಡೆಸಿ ನೋಡಿ. ಆ ಚೀಟಿಯನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಳ್ಳಬೇಡಿ, ಮೇಸ್ತ್ರಿಯ ಕೈಗೆ ಕೊಡಿ.

ಇಷ್ಟೆಲ್ಲ ತಲೆನೋವು ಯಾಕೆ, ಮೊದಲಿನ ಹಾಗೇ ಇರಬಹುದಿತ್ತಲ್ಲ ಅಂದರೆ ಕಾರಣ ಇದು. ಸಿಮೆಂಟ್ ಮಾಡಲು ಸುಣ್ಣಕಲ್ಲನ್ನು ಸುಡುತ್ತಾರೆ. ಗೂಡಿನ ಶಾಖ ಸುಮಾರು 1450 ಡಿಗ್ರಿ ಸೆಲ್ಸಿಯಸ್. ಅಷ್ಟು ಬೆಂಕಿಯ ಹೊಗೆ ಒಂದು ಕಡೆ ಇರಲಿ, ಕಲ್ಲಿನೊಳಗೇ ಇಂಗಾಲದ ಡೈಆಕ್ಸೈಡ್ ಕೂತಿದೆ. 100 ಕೆ.ಜಿ. ಶುದ್ಧ ಸುಣ್ಣಕಲ್ಲು ಸುಟ್ಟರೆ ಕೈಗೆ ಸಿಗುವುದು 56 ಕೆ.ಜಿ. ಸುಣ್ಣ. ಉಳಿದ 44 ಕೆ.ಜಿ. ಗಾಳಿಗೆ ಹೋಯಿತು. ಗೂಡನ್ನು ಬಿಸಿಲಿನ ಶಕ್ತಿಯಿಂದಲೇ ಕಾಯಿಸಿದರೂ ಈ ಭಾಗ ನಿಲ್ಲುವುದಿಲ್ಲ. ಬೆರಕೆಯಿಲ್ಲದ ಸಿಮೆಂಟಿನ 50 ಕೆ.ಜಿ. ಚೀಲ ಹೊತ್ತಾಗ ಅದರ ಹಿಂದೆ ಹತ್ತಿರ ಹತ್ತಿರ 40 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೋಗಿದೆ ಎಂದು ಲೆಕ್ಕ ಹಾಕಿದ ದಿನ, ಇಷ್ಟು ವರ್ಷದಿಂದ ಚೀಲ ಎತ್ತಿ ಇಳಿಸಿದ ನಮ್ಮ ಹುಡುಗರೇ ಸುಮ್ಮನಾದರು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಕಿಟ್ಟ, ಬೂದಿ ಸೇರಿದಷ್ಟೂ ಸುಡುವ ಕಲ್ಲು ಕಡಿಮೆ.

ಇನ್ನು ಖರ್ಚಿನ ಮಾತು. ‘ಪರಿಸರ ಅಂತ ಹೆಸರು ಹೇಳಿ ದುಡ್ಡು ಮಾಡ್ತಿದ್ದಾರೆ’ ಎಂಬುದು ನಮ್ಮ ಕಿವಿಗೂ ಬಿದ್ದಿದೆ. ಹೇಳಿದವರು ಒಂದು ದಿನ ಯಾರ್ಡಿನ ಹಿಂಭಾಗಕ್ಕೆ ಬರಬೇಕು. ಅಲ್ಲಿ ಸಾಲುಸಾಲಾಗಿ ನಿಂತಿರುವ ಮಣ್ಣಿನ ಬ್ಲಾಕ್‌ಗಳಲ್ಲಿ ನಮ್ಮ ದುಡ್ಡು ಒದ್ದೆಯಾಗಿ ನಿಂತಿದೆ. ಸುಟ್ಟ ಇಟ್ಟಿಗೆ ಇವತ್ತು ಬಂದರೆ ನಾಳೆ ಮಾರಬಹುದು. ಈ ಬ್ಲಾಕ್‌ಗೆ ಬೆಂಕಿಯಿಲ್ಲ. ಮಣ್ಣಿಗೆ ನೂರಕ್ಕೆ 5ರಿಂದ 10 ಪಾಲು ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತುತ್ತೇವೆ. ಬೆಂಕಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ದಿನಗಳು ಮಾಡಬೇಕು. 28 ದಿನ ನೀರು ಹಾಕಿ, ಹೊದಿಕೆ ಹಾಕಿ ಕಾಯಬೇಕು. ಅಷ್ಟು ದಿನ ಜಾಗವೂ ಹೋಯಿತು, ಹಾಕಿದ ಬಂಡವಾಳವೂ ಸಿಕ್ಕಿಬಿತ್ತು. ಐದು ವಾರ ಮುಂಚೆ ಬರೆಸಿ ಅನ್ನುವುದು ಗತ್ತಿಗಲ್ಲ.

ಮಣ್ಣಿನ ಪ್ರತಿ ಲೋಡನ್ನೂ ಪರೀಕ್ಷೆ ಮಾಡುತ್ತೇವೆ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡುತ್ತೇವೆ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿಯ ಪಟ್ಟಿ ದಪ್ಪ ಇದ್ದರೆ ಬ್ಲಾಕ್ ಒಣಗುವಾಗ ಬಿರಿಯುತ್ತದೆ, ಮರಳು ಬೆರೆಸಲೇಬೇಕು. ಕೆಲವು ಲೋಡು ವಾಪಸ್ಸೇ ಹೋಗುತ್ತದೆ. ಹೋಗಿಬಂದ ಲಾರಿ ಬಾಡಿಗೆ ಮಾತ್ರ ವಾಪಸ್ ಬರುವುದಿಲ್ಲ. ಇಳಿಸುವಾಗ ಇಟ್ಟಿಗೆಯ ಹಾಗೆ ಎಸೆಯುವಂತಿಲ್ಲ, ಮೂಲೆ ಮುರಿಯುತ್ತದೆ. ಒಂದೊಂದೇ ಕೈಯಲ್ಲಿ ಹಿಡಿದು ಜೋಡಿಸಬೇಕು, ಹೊತ್ತು ಹಿಡಿಯುತ್ತದೆ. ನಿಮ್ಮ ಮನೆ ಬಾಗಿಲಲ್ಲಿ ಲಾರಿಯವರು ಇಳಿಸುವ ಕೂಲಿ ಜಾಸ್ತಿ ಕೇಳಿದರೆ ನಮಗೆ ಫೋನ್ ಮಾಡಿ ಬೈಯುತ್ತೀರಿ. ಆ ಕೂಲಿಯೂ ನಮ್ಮದಲ್ಲ, ಡೀಸೆಲ್ಲೂ ನಮ್ಮದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿದೆ ನಮ್ಮ ಕಥೆ.

ಕಣ್ಣಿಗೆ ಕಾಣದ ಖರ್ಚು ಇನ್ನೊಂದಿದೆ. ಈಗ ಯಾವ ಡಬ್ಬ ನೋಡಿದರೂ ಹಸಿರು ಎಲೆಯ ಚಿತ್ರ. ಎಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದಕ್ಕೇ ನಾವು ಕಂಪನಿಯವರ ಹತ್ತಿರ ಐಎಸ್‌ಒ 14025 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ ಪರಿಸರ ಘೋಷಣೆ ಇದೆಯಾ ಎಂದು ಕೇಳುತ್ತೇವೆ. ಅದರಲ್ಲಿ ಎಲೆ ಇರುವುದಿಲ್ಲ, ಅಂಕಿ ಇರುತ್ತದೆ. ಒಂದು ಟನ್ ಸಾಮಾನು ತಯಾರಾಗಲು ಎಷ್ಟು ಇಂಗಾಲ, ಎಷ್ಟು ನೀರು, ಎಷ್ಟು ಶಕ್ತಿ ಎಂದು ಬರೆದು, ಕಂಪನಿಗೆ ಸಂಬಂಧವಿಲ್ಲದ ಬೇರೆಯವರು ಪರಿಶೀಲಿಸಿರಬೇಕು. ಇದನ್ನು ಕೇಳಿದ ಮೇಲೆ ಎಷ್ಟೋ ಸೇಲ್ಸ್‌ನವರು ಟೀ ಕುಡಿದು ಹೋದವರು ಮತ್ತೆ ಬಂದಿಲ್ಲ. ಆ ಕಾಗದ ಓದಿ ಅರ್ಥ ಮಾಡಿಕೊಳ್ಳಲು ನಮಗೂ ಬಹಳ ದಿನ ಹಿಡಿಯಿತು.

ಇಟ್ಟಿಗೆಯ ಬಗ್ಗೆ ಎರಡೇ ಮಾತು. ಗೂಡಿನವರ ಜೊತೆ ನಮಗೆ ಜಗಳ ಇಲ್ಲ. ಇಟ್ಟಿಗೆ ಕೆಟ್ಟದ್ದು ಎಂದೂ ನಾವು ಹೇಳಿಲ್ಲ. ಸಾವಿರ ಡಿಗ್ರಿ ಆಸುಪಾಸಿನ ಬೆಂಕಿಯಲ್ಲಿ ಸುಡಲು ಬೇಕಾಗುವ ಸೌದೆ, ಕಲ್ಲಿದ್ದಲೇ ತೊಂದರೆ. ಹಾಗಾಗಿ ಹಳೇ ಇಟ್ಟಿಗೆಯನ್ನು ಖಂಡಿತ ಕೊಳ್ಳುತ್ತೇವೆ, ಮಾರುತ್ತೇವೆ. ಅದರ ಬೆಂಕಿ ಎಂದೋ ಆರಿಹೋಗಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆ ಕೆಡವುವವರಿದ್ದರೆ ಜೆಸಿಬಿ ತರಿಸುವ ಮೊದಲು ನಮಗೆ ಹೇಳಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಸಿಮೆಂಟ್ ಗಾರೆಯಲ್ಲಿ ಕಟ್ಟಿದ್ದು ಹಾಗಲ್ಲ, ಗಾರೆ ಬಿಡುವ ಮೊದಲು ಇಟ್ಟಿಗೆಯೇ ಒಡೆಯುತ್ತದೆ.

ಕಬ್ಬಿಣದ ಸರಳಿನಲ್ಲಿ ಸದ್ಯಕ್ಕೆ ಏನೂ ಬದಲಿಲ್ಲ. ಗುಜರಿ ಕರಗಿಸಿ ಮಾಡಿದ್ದು, ಪರೀಕ್ಷೆಯ ಕಾಗದ ಇರುವಂಥದ್ದು ಸಿಕ್ಕರೆ ಅದಕ್ಕೇ ಮೊದಲ ಮಣೆ. ಅಲ್ಯೂಮಿನಿಯಂ ಕಿಟಕಿಯೂ ಹಾಗೇ. ಅದಿರಿನಿಂದ ಮಾಡುವುದಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 5ರಷ್ಟು ಸಾಕು, ಹಳೇ ಅಲ್ಯೂಮಿನಿಯಂ ಕರಗಿಸಲು.

ಕೆಲವು ಕಡೆ ನಮ್ಮ ಹೊಸ ಸಾಮಾನು ಸರಿಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇವೆ. ತೇವ ನಿಲ್ಲುವ ಪಾಯಕ್ಕೆ ಮಣ್ಣಿನ ಬ್ಲಾಕ್ ಕೇಳಿದರೆ ಕೊಡುವುದಿಲ್ಲ, ಕಲ್ಲು ಹಾಕಿಸಿ. ಒಂದೆರಡು ದಿನದಲ್ಲೇ ಬಲ ಬರಬೇಕಾದ ರಿಪೇರಿ ಇದ್ದರೆ ಮಾಮೂಲಿ ಸಿಮೆಂಟೇ ಬೇಕು, ಧಾರಾಳವಾಗಿ ಕೇಳಿ. ‘ಧೈರ್ಯಕ್ಕೆ ಇರಲಿ’ ಅಂತ ಒಂದು ಚೀಲ ಜಾಸ್ತಿ ಹಾಕುವ ಅಭ್ಯಾಸ ಮಾತ್ರ ಬಿಡಿ. ಅಳತೆ ಮೀರಿ ಸಿಮೆಂಟ್ ಹಾಕಿದ ಗಿಲಾವು ಒಣಗುವಾಗ ಹೆಚ್ಚು ಬಿರುಕು ಬಿಡುತ್ತದೆ. ಸಿಮೆಂಟ್ ಮಾರುವವರೇ ಸಿಮೆಂಟ್ ಕಮ್ಮಿ ಹಾಕಿ ಅನ್ನುವುದನ್ನು ಬೇರೆ ಎಲ್ಲಾದರೂ ಕೇಳಿದ್ದೀರಾ? ದುಡ್ಡು ಮಾಡುವ ದಾರಿ ಇದಲ್ಲ.

ಈಗಿನ ತೀರ್ಮಾನವೇ ಕೊನೆಯದು ಎಂದೂ ಅಲ್ಲ. ಕಲ್ಲಿದ್ದಲು ಸುಡುವುದು ಕಡಿಮೆಯಾದರೆ ಹಾರುಬೂದಿಯೂ ಕಡಿಮೆಯಾಗುತ್ತದೆ. ಗುಜರಿಯಿಂದ ಉಕ್ಕು ಮಾಡುವುದು ಹೆಚ್ಚಿದರೆ ಊದುಕುಲುಮೆಯ ಕಿಟ್ಟವೂ ಸಿಗುವುದಿಲ್ಲ. ಅದಕ್ಕೇ ಹದವಾಗಿ ಸುಟ್ಟ ಜೇಡಿ, ಸುಡದ ಸುಣ್ಣಕಲ್ಲಿನ ಪುಡಿ ಸೇರಿಸಿದ ಸಿಮೆಂಟಿನ ಕೆಲವು ಚೀಲ ತರಿಸಿ ಕ್ಯೂಬ್ ಹಾಕಿ ನೋಡುತ್ತಿದ್ದೇವೆ. ಜೇಡಿಗೆ 800 ಡಿಗ್ರಿ ಆಸುಪಾಸಿನ ಶಾಖ ಸಾಕು. ಅದು ನಮಗೆ ಪೂರ್ತಿ ನಂಬಿಕೆ ಬಂದ ಮೇಲೆ ನಿಮ್ಮ ಕೈಗೆ. ಸಜ್ಜದ ಪಾಠ ಒಂದೇ ಸಾಕು.

ಈಗಾಗಲೇ ಅರ್ಧ ಮನೆ ಕಟ್ಟಿರುವವರು ಗಾಬರಿಯಾಗಬೇಡಿ. ಬರೆಸಿದ ಇಟ್ಟಿಗೆ, ಬರೆಸಿದ ಸಿಮೆಂಟ್ ಹಳೇ ಮಾತಿನ ಪ್ರಕಾರವೇ ಕೊನೆಯ ಲೋಡಿನವರೆಗೆ ಬರುತ್ತದೆ. ಸಿಮೆಂಟಿನ ಬಗ್ಗೆ ಮೇಸ್ತ್ರಿ ಒಪ್ಪುತ್ತಿಲ್ಲ ಎಂದಾದರೆ ಅವರನ್ನೂ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ. ಶನಿವಾರ ಮಧ್ಯಾಹ್ನ ಕ್ಯೂಬ್ ಒಡೆಯುತ್ತೇವೆ, ನಿಮ್ಮ ಕಣ್ಣೆದುರೇ ಯಂತ್ರದ ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಬಹುದು.

ಅಷ್ಟು ಪುರುಸೊತ್ತಿಲ್ಲದವರಿಗೆ ಕೌಂಟರಿನ ಪಕ್ಕ ಒಂದು ಬಕೆಟ್ ಇಟ್ಟಿದ್ದೇವೆ. ಅದರಲ್ಲಿ ನಮ್ಮ ಮಣ್ಣಿನ ಬ್ಲಾಕ್ ಒಂದು ಮೂರು ತಿಂಗಳಿಂದ ಮುಳುಗಿ ಕೂತಿದೆ. ಯಾರು ಬೇಕಾದರೂ ಎತ್ತಿ, ಮೂಲೆಯನ್ನು ಉಗುರಿನಿಂದ ಕೆರೆದು ನೋಡಬಹುದು. ನೋಡಿದ ಮೇಲೆ ದಯವಿಟ್ಟು ವಾಪಸ್ ನೀರಿಗೇ ಹಾಕಿ.

ಇಂತಿ ನಿಮ್ಮ,
ವ್ಯವಸ್ಥಾಪಕರು ಮತ್ತು ಯಾರ್ಡಿನ ಎಲ್ಲರೂ