ವಿಜ್ಞಾನ ಬೇಡವೆಂದು ತೀರ್ಮಾನಿಸುವವರು ಯಾರು?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ವಿಜ್ಞಾನದ ದಿನವೇ ರಾಜ್ಯಶಾಸ್ತ್ರ ಮತ್ತು ಸಂಗೀತ, ಗಣಿತದ ದಿನವೇ ಸಮಾಜಶಾಸ್ತ್ರ ಎಂದೂ ಇರುತ್ತದೆ. ಕಣ್ಣು ಕಾಣದ ಮಕ್ಕಳು ವಿಜ್ಞಾನ, ಗಣಿತದ ಬದಲು ಇವನ್ನು ಬರೆಯಲೆಂದು ಕೊಟ್ಟ ಅನುಕೂಲ ಇದು. ಬೇಕೆಂದವರಿಗೆ ಇರಲಿ, ತಕರಾರಿಲ್ಲ. ಆದರೆ ಹಾಸನ ಜಿಲ್ಲೆಯಲ್ಲಿ ನಾನು ಕಂಡ ಹಲವು ಶಾಲೆಗಳಲ್ಲಿ ಅದು ಆಯ್ಕೆಯಾಗಿ ಉಳಿದಿಲ್ಲ. ‘ಸೈನ್ಸ್ ಯಾಕಮ್ಮ ನಿಂಗೆ, ಪಾಸಾದ್ರೆ ಸಾಕಲ್ವಾ’ ಎಂದು ಮೇಷ್ಟ್ರುಗಳೇ ತೀರ್ಮಾನಿಸಿಬಿಡುತ್ತಾರೆ. ಹತ್ತರಲ್ಲಿ ವಿಜ್ಞಾನ ಓದದ ಹುಡುಗಿ ಪಿಯುಸಿಯಲ್ಲಿ ಅದನ್ನು ಕೇಳುವುದಾದರೂ ಹೇಗೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಠ್ಯ ಮತ್ತು ಪರೀಕ್ಷೆಯಲ್ಲಿ ಮಾರ್ಪಾಡು ಮಾಡಬೇಕೆನ್ನುತ್ತದೆ. ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲವನ್ನೂ ಅದರಲ್ಲಿ ಹೆಸರಿಸಿದೆ. ವಿಜ್ಞಾನದಿಂದ ವಿನಾಯಿತಿ ಎಂದು ಅಲ್ಲಿಲ್ಲ.

ಕಾಣದವರು ಪ್ರಯೋಗ ಮಾಡುವುದು ಹೇಗೆ ಎನ್ನುವವರು ಹತ್ತನೇ ತರಗತಿ ಪುಸ್ತಕದ ಆಮ್ಲ–ಪ್ರತ್ಯಾಮ್ಲದ ಪಾಠ ತೆಗೆದು ನೋಡಲಿ. ಈರುಳ್ಳಿ ಸಣ್ಣಗೆ ಹೆಚ್ಚಿ, ಬಟ್ಟೆಯ ತುಂಡುಗಳ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಇಡಬೇಕು. ಮರುದಿನ ಒಂದು ತುಂಡಿಗೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ, ಇನ್ನೊಂದಕ್ಕೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ, ನೀರಲ್ಲಿ ತೊಳೆದು ಮೂಸಬೇಕು. ಆಮ್ಲ ಬಿದ್ದ ಬಟ್ಟೆಯಲ್ಲಿ ಈರುಳ್ಳಿ ವಾಸನೆ ಹಾಗೇ ಇರುತ್ತದೆ, ಪ್ರತ್ಯಾಮ್ಲ ಬಿದ್ದದ್ದರಲ್ಲಿ ಹೋಗಿರುತ್ತದೆ. ಲವಂಗದೆಣ್ಣೆ, ವೆನಿಲ್ಲಾದಲ್ಲೂ ಹೀಗೆ ಪರೀಕ್ಷಿಸಬಹುದು. ಹನಿಸುವ ಕೆಲಸ ಶಿಕ್ಷಕರದಾದರೆ ಉಳಿದುದಕ್ಕೆ ಕಣ್ಣಿನ ಹಂಗಿಲ್ಲ. ನಾವೋ, ಬಣ್ಣ ಬದಲಾಗುವ ಲಿಟ್ಮಸ್ ಕಾಗದ ತೋರಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ.

ಮಸೂರದ ರೇಖಾಚಿತ್ರವೂ ಅಷ್ಟೇ. ರಬ್ಬರ್ ಶೀಟಿನ ಮೇಲೆ ದಪ್ಪ ಕಾಗದವಿಟ್ಟು, ಟೈಲರ್‌ಗಳು ಗುರುತು ಹಾಕುವ ಹಲ್ಲುಚಕ್ರವನ್ನು ಗೆರೆಯ ಮೇಲೆ ಒತ್ತಿ ಓಡಿಸಿದರೆ ಕಾಗದದ ಹಿಂಬದಿಯಲ್ಲಿ ಚುಕ್ಕಿಗಳು ಉಬ್ಬಿ ಬರುತ್ತವೆ. ಬೆರಳಾಡಿಸಿದರೆ ಕಿರಣ ಎಲ್ಲಿ ಬಾಗಿತೆಂದು ತಿಳಿಯುತ್ತದೆ. (ಎಡಬಲ ಅದಲುಬದಲಾಗುವುದರಿಂದ ಕನ್ನಡಿಯ ಪಾಠವೂ ಅಲ್ಲೇ ಆಗಿಹೋಗುತ್ತದೆ!)

ಕಿವಿ ಕೇಳದ ಮಕ್ಕಳಿಗೆ ಇನ್ನೂ ಕಡಿಮೆ ಖರ್ಚು: ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳುವುದನ್ನು ಬಿಟ್ಟರೆ ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಅರ್ಧ ಪಾಠವಾದರೂ ಸಿಗುತ್ತದೆ. ಗಾಲಿಕುರ್ಚಿಯ ಮಕ್ಕಳಿರುವ ಶಾಲೆಯಲ್ಲಿ ಪ್ರಯೋಗಾಲಯ ಮಹಡಿ ಮೇಲಿದ್ದರೆ ಕೆಳಗಿಳಿಸಲಿ.

ಇಸ್ರೊ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವಿರುವ ಜಿಲ್ಲೆ ನಮ್ಮದು. ಪೋರ್ಟೊರಿಕೊದ ಖಗೋಳ ವಿಜ್ಞಾನಿ ವಾಂಡಾ ಡಿಯಾಸ್ ಮರ್ಸೆಡ್ ದೃಷ್ಟಿ ಕಳೆದುಕೊಂಡ ಮೇಲೆ ಬಾಹ್ಯಾಕಾಶದ ದತ್ತಾಂಶವನ್ನು ಧ್ವನಿಗೆ ತಿರುಗಿಸಿ, ಕೇಳಿಯೇ ಸಂಶೋಧನೆ ಮಾಡಿದವರು. ಹಾಸನದ ಮಗುವಿಗೆ ಇದು ಆಗದು ಎನ್ನಲು ನಾವ್ಯಾರು?

ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಎರಡು ಕೆಲಸ ಮಾಡಲಿ. ಪರ್ಯಾಯ ವಿಷಯಕ್ಕೆ ಹೆಸರು ಬರೆಸುವ ಮುನ್ನ ವಿದ್ಯಾರ್ಥಿಯನ್ನು, ಪೋಷಕರನ್ನು ಕೂರಿಸಿಕೊಂಡು ಕೇಳಿ, ಅವರ ಉತ್ತರವನ್ನು ಲಿಖಿತವಾಗಿ ಪಡೆಯುವಂತೆ ಮುಖ್ಯ ಶಿಕ್ಷಕರಿಗೆ ಸುತ್ತೋಲೆ ಕಳಿಸಲಿ. ಪ್ರತಿ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳನ್ನೂ ವಿಜ್ಞಾನ ಶಿಕ್ಷಕರನ್ನೂ ಒಟ್ಟಿಗೆ ಸೇರಿಸಿ ಇಂಥ ಪ್ರಯೋಗಗಳನ್ನು ಕೈಯಾರೆ ಮಾಡಿಸಲಿ. ಬರೀ ಪಿಪಿಟಿ ತೋರಿಸಿ, ಊಟ ಹಾಕಿ ಕಳಿಸುವ ತರಬೇತಿ ಬೇಡ.

— ನಿವೃತ್ತ ವಿಜ್ಞಾನ ಶಿಕ್ಷಕ, ಚನ್ನರಾಯಪಟ್ಟಣ