ಶನಿವಾರ ನೋಡುವ ಅನಿಮೆ: ಕಿನ್‌ಇರೋ ಮೊಸಾಯಿಕ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 9ಕ್ಕೆ ‘ಕಿನ್‌ಇರೋ ಮೊಸಾಯಿಕ್’ ಮೊದಲ ಕಂತು ನೋಡೋಣ. ಇದು 2013ರ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಸರಣಿ, ಒಟ್ಟು 12 ಕಂತು. ಯೂಯಿ ಹಾರಾ ಅವರ ಮಾಂಗಾದಿಂದ (ಜಪಾನಿ ಕಾಮಿಕ್ಸ್) ಬಂದದ್ದು.

ಜಪಾನಿನ ಶಿನೋಬು ಹೋಮ್‌ಸ್ಟೇಗೆಂದು ಇಂಗ್ಲೆಂಡಿಗೆ ಹೋಗಿ ಆಲಿಸ್ ಮನೆಯಲ್ಲಿ ಉಳಿಯುತ್ತಾಳೆ. ಇವಳಿಗೆ ಇಂಗ್ಲಿಷ್ ಬರಲ್ಲ, ಅವಳಿಗೆ ಜಪಾನಿ ಬರಲ್ಲ. ಆಲಿಸ್‌ಗೆ ನಾಚಿಕೆ ಬೇರೆ, ಮೊದಲು ದೂರದೂರವೇ ಇರುತ್ತಾಳೆ. ಆದರೂ ಗೆಳೆತನ ಆಗಿಬಿಡುತ್ತದೆ. ಹೇಗೆ ಅಂತ ನೋಡಿಯೇ ತಿಳಿಯಬೇಕು. ಮುಂದೆ ಆಲಿಸ್ ಜಪಾನಿ ಕಲಿತು ಶಿನೋಬು ಇರುವ ಶಾಲೆಗೇ ಬರುತ್ತಾಳೆ. ಶಿನೋಬು ಇಂಗ್ಲಿಷ್ ಮಾತ್ರ ಇದ್ದಲ್ಲೇ ಇರುತ್ತದೆ!

ಜಪಾನಿ ಆಡಿಯೋನೇ ಇಟ್ಟುಕೊಳ್ಳಿ. ಇಂಗ್ಲೆಂಡಿನ ದೃಶ್ಯಗಳಲ್ಲಿ ಇಂಗ್ಲಿಷ್ ಮಾತು ಹಾಗೇ ಇದೆ. ಉಚ್ಚಾರಣೆ ಸ್ವಲ್ಪ ಜಪಾನಿ ಥರ ಕೇಳಿಸುತ್ತದೆ, ನಗಬೇಡಿ. ಆಲಿಸ್ ಮನೆಗೆ ಮಾದರಿ ವಿಲ್ಟ್‌ಶೈರ್‌ನ ಫಾಸ್ ಫಾರ್ಮ್‌ಹೌಸ್ ಎಂಬ ನಿಜವಾದ ಅತಿಥಿಗೃಹ. ಅದನ್ನು ನೋಡಲೆಂದೇ ಜಪಾನಿನಿಂದ ಅಭಿಮಾನಿಗಳು ಹೋಗಿದ್ದಾರೆ.

ಎರಡನೇ ಕಂತಿನಿಂದ ಇದು ಜಾಸ್ತಿ ಶಾಲೆಯ ತಮಾಷೆಯೇ. ನನಗಂತೂ ಮೊದಲನೆಯದೇ ಇಷ್ಟ. ಮುಂದುವರಿಸಬೇಕಾ ಅಂತ ನೋಡಿದ ಮೇಲೆ ಇಲ್ಲೇ ಮಾತಾಡೋಣ. ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ. ಈಗಾಗಲೇ ನೋಡಿದವರು ಸುಮ್ನೆ ಕಥೆ ಬಿಟ್ಟುಕೊಡಬೇಡಿ.