ಎಂಟನೆಯ ಫೋಟೋ

ತೆಗೆದ ಕೂಡಲೇ ಕ್ಯಾಮೆರಾದಿಂದಲೇ ಹೊರಬರುವ ಪೋಲರಾಯ್ಡ್ ಫೋಟೋ ನೋಡಿ ಬರೆದ ನನ್ನ ಚಿತ್ರಗಳ ಪ್ರದರ್ಶನ ಮುಗಿಯಿತು. ಗೋಡೆಯ ಮೊಳೆ ಕಿತ್ತಿದ್ದೂ ಆಯಿತು. ಬಾಯಿ ಬಿಟ್ಟು ಥ್ಯಾಂಕ್ಸ್ ಹೇಳಲು ಹೋದರೆ ನನಗೆ ಗಂಟಲು ಕಟ್ಟುತ್ತದೆ, ಮೊದಲ ದಿನವೇ ನೀವೆಲ್ಲ ನೋಡಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಫ್ರೇಮ್ ಹಾಕಿಕೊಟ್ಟವರು, ವ್ಯಾನಿನಲ್ಲಿ ಕ್ಯಾನ್ವಾಸುಗಳ ನಡುವೆ ಮುದುಡಿ ಕೂತು ಬಂದವರು, ಕೊಟ್ಟ ಸಾಲದ ಸುದ್ದಿ ಎತ್ತದೆ ಇದ್ದವರು, ಚಿತ್ರ ನೋಡಿ ಏನೂ ಹೇಳದೆ ಕೈ ಅದುಮಿ ಹೋದವರು, ಎಲ್ಲರಿಗೂ ಥ್ಯಾಂಕ್ಸ್. 2008ರಲ್ಲಿ ಪೋಲರಾಯ್ಡ್ ಕಂಪನಿ ಫಿಲ್ಮ್ ತಯಾರಿಕೆ ನಿಲ್ಲಿಸುತ್ತೇವೆ ಎಂದಾಗ ನೆದರ್ಲೆಂಡ್ಸ್‌ನಲ್ಲಿದ್ದ ಕೊನೆಯ ಕಾರ್ಖಾನೆಯನ್ನು ಉಳಿಸಿಕೊಂಡ ಹಠಮಾರಿಗಳಿಗೂ. ಅವರು ಇದನ್ನು ಓದುವುದಿಲ್ಲ, ಇರಲಿ.

ನನ್ನೆದುರು ಕೂತ 20 ಜನರಿಗೆ ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. "ಫೋನ್ ಇದೆಯಲ್ಲ, ಈ ದುಬಾರಿ ಡಬ್ಬ ಯಾಕೆ?" ಅಂತ ತುಂಬ ಜನ ಕೇಳಿದರು. ಫೋನಿನ ಫೋಟೋ ಎಲ್ಲೆಲ್ಲಿ ಹೋಗಿ ಕೂರುತ್ತದೆ ಅಂತ ತೆಗೆದವರಿಗೂ ಗೊತ್ತಿರುವುದಿಲ್ಲ. ಫಿಲ್ಮ್ ರೀಲ್ ಕಾಲದಲ್ಲಿ ಇನ್ನೊಂದು ಭಯ ಇತ್ತು, ತೊಳೆಯುವ ಲ್ಯಾಬಿನವರು ನೋಡುತ್ತಾರೆ. ನಮ್ಮಂಥ ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್) ಜನರಿಗೆ ಇದು ಸಣ್ಣ ವಿಷಯ ಅಲ್ಲ. ಪೋಲರಾಯ್ಡ್‌ಗೆ ಲ್ಯಾಬ್ ಬೇಡ, ಬೇರೆ ನೆಗೆಟಿವ್ ಇಲ್ಲ, ಇರುವುದು ಒಂದೇ ಪ್ರತಿ. ಹೊರಬಂದ ಮೇಲೆ ಹತ್ತು ಹದಿನೈದು ನಿಮಿಷ ಬೋರಲು ಇಟ್ಟು ಸುಮ್ನೆ ಕಾಯಬೇಕು. ಆ ಹೊತ್ತಿನಲ್ಲೇ ನೀವು ನನಗೆ ಒಂದೊಂದು ಕತೆ ಹೇಳಿದ್ದು.

ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1974-75ರಲ್ಲಿ ಹೆಣ್ಣಿನ ವೇಷ ಕಟ್ಟುವ ಡ್ರ್ಯಾಗ್ ಕಲಾವಿದರ, ಟ್ರಾನ್ಸ್ ಹೆಂಗಸರ ಪೋಲರಾಯ್ಡ್ ತೆಗೆದು ಅದರಿಂದ ದೊಡ್ಡ ದೊಡ್ಡ ಚಿತ್ರ ಮಾಡಿದ. ಚಿತ್ರಗಳಿಗೆ ಹೆಸರು ಬಂತು. ಕೂತವರಲ್ಲಿ ಹೆಚ್ಚಿನವರ ಹೆಸರು ಮಾತ್ರ ದಶಕಗಳವರೆಗೆ ಹೊರಗೆ ಬರಲಿಲ್ಲ. ಕೈಚಳಕ ಎಷ್ಟೇ ಇರಲಿ, ಇದು ನನಗೆ ಚುಚ್ಚುತ್ತದೆ. ನಮ್ಮ ಒಪ್ಪಂದ ಹುಟ್ಟಿದ್ದು ಅಲ್ಲಿಂದ: ಹೆಸರು ಹಾಕಬೇಕೋ ಬೇಡವೋ ಕೂತವರೇ ಹೇಳಬೇಕು, ಚಿತ್ರ ಮುಗಿದ ದಿನ ಫೋಟೋ ಅವರ ಕೈಗೆ. ನನ್ನನ್ನು ನಂಬಿದಿರಿ. ದೊಡ್ಡ ಮಾತು ಅದು.

ಈಗ ನಿನ್ನ ವಿಷಯ. ಹೆಸರು ಬರೆದರೆ ಮಾತು ಬಿಡುತ್ತೇನೆ ಅಂದಿದ್ದೀಯ. ಬರೆಯುವುದಿಲ್ಲ.

ಫೋಟೋ ಡಬ್ಬಿ ನನ್ನ ಮನೆಯವರ ಕೈಗೆ ಸಿಕ್ಕ ಸಂಜೆ ಏನಾಯಿತು ಅಂತ ಹತ್ತಿರದವರಿಗೆಲ್ಲ ಗೊತ್ತು. ರಾತ್ರಿ ಹನ್ನೊಂದಕ್ಕೆ ನೀನು ಬಾಗಿಲು ಬಡಿದಾಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಒಂದೊಂದನ್ನೂ ಚೂರು ಮಾಡಿ ಎಸೆಯಬೇಕು ಅಂತ ಕೂತಿದ್ದೆ. ಆ ಮುಖಗಳಿಗೆಲ್ಲ ನಾನೇ ಆಪತ್ತು ತಂದೆ ಅನಿಸಿತ್ತು. ನೀನು ಬುದ್ಧಿ ಹೇಳಲಿಲ್ಲ, ಅಳಬೇಡ ಅನ್ನಲಿಲ್ಲ. "ಕತ್ತರಿಸಬೇಡ, ಒಳಗಿನ ಪೇಸ್ಟ್ ಚರ್ಮ ಸುಡುತ್ತೆ" ಅಂದದ್ದು ಅಷ್ಟೇ. ಅಷ್ಟು ಸಾಕಾಯಿತು. ಸಾಯಲು ರೆಡಿ ಇದ್ದವನು ಬೆರಳು ಸುಡುತ್ತದೆ ಅಂತ ಕತ್ತರಿ ಕೆಳಗಿಟ್ಟೆ.

ಹೌದು, ರೆಡಿ ಇದ್ದೆ. ಇದನ್ನು ಬರೆಯುತ್ತಿರುವುದು ಇದೇ ಮೊದಲು. ನಿನಗೆ ಹೇಗೋ ಗೊತ್ತಾಗಿತ್ತು. ನಾನು ಬಚ್ಚಲಿಗೆ ಹೋದರೆ ಹೊರಗೆ ನಿಂತು ಒಂದೇ ಸಮನೆ ಮಾತಾಡುತ್ತಿದ್ದೆಯಲ್ಲ, ಹೊಸ ಚಪ್ಪಲಿ ಕಚ್ಚುವ ಬಗ್ಗೆ. ಕಾಲು ಗಂಟೆ ಚಪ್ಪಲಿ ಪುರಾಣ! ನಡುನಡುವೆ "ಕೇಳ್ತಿದೀಯಾ?" ಅಂತ ಬೇರೆ. ಕೇಳ್ತಿದ್ದೆ.

ಆಮೇಲೆ ನೀನು ಎಲ್ಲ ಫೋಟೋ ನೆಲದ ಮೇಲೆ ಹರಡಿ, ಒಂದೊಂದರ ಮೇಲೂ ಬೆರಳಿಟ್ಟು "ಇವರ ಕತೆ ಏನು?" ಅಂತ ಕೇಳಿದೆ. ನಾನು ಹೇಳುತ್ತಾ ಹೋದೆ. ಮೂರು ಗಂಟೆ ಆಯಿತು. ಒಂದು ಪ್ಯಾಕಿಗೆ ಎಂಟೇ ಫಿಲ್ಮ್, ಕ್ಯಾಮೆರಾದಲ್ಲಿ ಎಂಟನೆಯದು ಉಳಿದಿತ್ತು. "ಇದು ನಂದು, ತೆಗಿ" ಅಂದದ್ದೂ ನೀನೇ. ನನ್ನ ಕೈ ನಡುಗುತ್ತಿತ್ತು, ತೀರಾ ಹತ್ತಿರದಿಂದ ತೆಗೆದೆ. ಫ್ಲ್ಯಾಶ್ ನಿನ್ನ ಮೂಗನ್ನು ನುಂಗಿಹಾಕಿತು. ಕಿಟಕಿ ತೆರೆದಿತ್ತು, ವಿಪರೀತ ಚಳಿ. 13 ಡಿಗ್ರಿಗಿಂತ ಕೆಳಗಿಳಿದರೆ ಈ ಫಿಲ್ಮಿನ ಬಣ್ಣ ಕೆಡುತ್ತದೆ. ನೀನು ಹಸಿರಾದೆ.

ಚಿತ್ರಕ್ಕೆ ಅದು ಏನೇನೂ ಸಾಲದ ಫೋಟೋ. ಎಂಟು ಸೆಂಟಿಮೀಟರ್ ಕೂಡ ಇಲ್ಲದ ಆ ಚೌಕದಲ್ಲಿ ನಿನ್ನ ಕಣ್ಣು ಸಾಸಿವೆಯಷ್ಟು. ನಾಲ್ಕು ಅಡಿ ಕ್ಯಾನ್ವಾಸಿಗೆ ಅದರಲ್ಲಿ ಏನಿದೆ? ಬೇರೆ ಯಾರದ್ದಾದರೂ ಆಗಿದ್ದರೆ ಇನ್ನೊಂದು ಸಲ ಕೂರಿಸುತ್ತಿದ್ದೆ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಸೇರಿಸಿ ಮೂರು ಸಲ ಮೈಬಣ್ಣ ಕಲಸಿ ಹಚ್ಚಿದೆ. ಮೂರು ಸಲವೂ ನೀನು ಹಾಯಾಗಿ ನಿದ್ದೆ ಮಾಡಿ ಎದ್ದವರ ಹಾಗೆ ಕಂಡೆ. ಎಲ್ಲ ಕೆರೆದು ಹಾಕಿ ಹಸಿರನ್ನೇ ಬಳಿದೆ. ಮೂಗು ಮಾತ್ರ ನೆನಪಿನಿಂದ ಬರೆದದ್ದು. ಸ್ವಲ್ಪ ದೊಡ್ಡದಾಗಿದೆ ಅಂತ ನೀನು ಗೊಣಗಿದ್ದು ನೆನಪಿದೆ, ತಿದ್ದುವುದಿಲ್ಲ.

ಉಳಿದ 20 ಫೋಟೋ ಅವರವರ ಕೈ ಸೇರಿವೆ. ನಿನ್ನದು ಇನ್ನೂ ಇಲ್ಲೇ ಇದೆ. ಒಪ್ಪಂದದ ಪ್ರಕಾರ ಎಂದೋ ಕೊಡಬೇಕಿತ್ತು. ನೀನು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಬಿಸಿಲು ತಾಗದ ಹಾಗೆ ಇಟ್ಟಿದ್ದೇನೆ. ಇನ್ನೊಂದು ವಾರ ಇರಲಿ, ಅಲ್ವಾ?